ಗಂಟು ಹಾಕುವವರು ಯಾರು? – ವೆಂಕಿ ರಾಮಕೃಷ್ಣನ್ ಅವರ ‘ಜೀನ್ ಮೆಷಿನ್’ ಓದಿ

ಹೋದ ಮಳೆಗಾಲದಲ್ಲಿ ಮಲಾಡಿನ ನಮ್ಮ ಮನೆಯ ಅಟ್ಟಕ್ಕೆ ನೀರು ಸೋರಿತು. ಅಲ್ಲಿದ್ದ ಟ್ರಂಕನ್ನು ಕೆಳಗಿಳಿಸಿ ಒಳಗಿನದನ್ನೆಲ್ಲ ಫ್ಯಾನಿನ ಕೆಳಗೆ ಹರಡಿದಾಗ ನನ್ನ ಬಿ.ಎಸ್ಸಿ. ಕಾಲದ ನೋಟ್ ಪುಸ್ತಕವೊಂದು ಕೈಗೆ ಬಂತು. ಅದರ ಒಂದು ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿತ್ತು: ರೈಬೋಸೋಮು ಜೀವಕೋಶದ ಪ್ರೋಟೀನು ಕಾರ್ಖಾನೆ, ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಜೋಡಿಸುವುದು ಅದರಲ್ಲಿರುವ ಒಂದು ಕಿಣ್ವ, ಕಿಣ್ವಗಳೆಲ್ಲ ಪ್ರೋಟೀನುಗಳು, ರೈಬೋಸೋಮಿನಲ್ಲಿರುವ ಆರ್.ಎನ್.ಎ. ಆ ಪ್ರೋಟೀನುಗಳಿಗೆ ಆಧಾರವಾಗಿ ನಿಂತ ಚೌಕಟ್ಟು. 2000ದ ಬೇಸಗೆಯಲ್ಲಿ ಇದನ್ನೇ ಪರೀಕ್ಷೆಯಲ್ಲಿ ಬರೆದು ಪದವೀಧರಳಾದೆ. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಪ್ರಕಟವಾದ ಸಂಶೋಧನೆಯೊಂದು ಈ ಉತ್ತರವನ್ನು ತಲೆಕೆಳಗು ಮಾಡಿತ್ತು. ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಕಡತಗಳ ನಡುವೆ ಕಳೆದುಹೋದ ನನಗೆ ಅದು ತಿಳಿದದ್ದು ಬಹಳ ತಡವಾಗಿ, ಪ್ರಸ್ತುತ ಪುಸ್ತಕದಿಂದ.

ಶ್ರೀ ವೆಂಕಿ ರಾಮಕೃಷ್ಣನ್ ಅವರ ‘ಜೀನ್ ಮೆಷಿನ್’ ಎಂಬ ಇಂಗ್ಲಿಷ್ ಕೃತಿ ಪ್ರಕಟವಾದದ್ದು 2018ರಲ್ಲಿ. ಲೇಖಕರು 1952ರಲ್ಲಿ ಚಿದಂಬರದಲ್ಲಿ ಹುಟ್ಟಿ ಬರೋಡಾದಲ್ಲಿ ಬೆಳೆದವರು. ಅಲ್ಲಿಯೇ 1971ರಲ್ಲಿ ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಅಮೆರಿಕಕ್ಕೆ ಹೋದರು. ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದ ಮೇಲೆ, ‘ಇದು ನನ್ನ ದಾರಿಯಲ್ಲ’ ಎಂದುಕೊಂಡು ಮತ್ತೆ ವಿದ್ಯಾರ್ಥಿಯಾಗಿ ಜೀವಶಾಸ್ತ್ರದ ತರಗತಿಯಲ್ಲಿ ಕುಳಿತರು. ರೈಬೋಸೋಮಿನ ರಚನೆಯನ್ನು ಬಿಡಿಸಿದ್ದಕ್ಕಾಗಿ 2009ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಅಮೆರಿಕದ ಥಾಮಸ್ ಸ್ಟೈಟ್ಸ್ ಮತ್ತು ಇಸ್ರೇಲಿನ ಆಡಾ ಯೋನಾತ್ ಅವರೊಂದಿಗೆ ಹಂಚಿಕೊಂಡರು. ಕೃತಿ ಪಠ್ಯಪುಸ್ತಕವಲ್ಲ, ಅರ್ಧ ಆತ್ಮಕಥೆ, ಅರ್ಧ ಸಂಶೋಧನೆಯ ಪೈಪೋಟಿಯ ಕಥೆ. ಚರ್ಚ್‌ಗೇಟ್ ಲೋಕಲ್‌ನಲ್ಲಿ ಹೋಗುತ್ತ ಬರುತ್ತ ಇದನ್ನು ಎರಡು ಬಾರಿ ಓದಿದ್ದೇನೆ. ಮೊದಲ ಸಲ ಬೆರಗಿನಿಂದ, ಎರಡನೆಯ ಸಲ ಸ್ವಲ್ಪ ತಕರಾರಿನಿಂದ.

ತಕರಾರಿಗೆ ಮೊದಲು ವಿಷಯವನ್ನು ಸರಳವಾಗಿ ಹೇಳುವುದು ಒಳ್ಳೆಯದು. ನಮ್ಮ ದೇಹದ ಯಾವ ಪ್ರೋಟೀನನ್ನು ಹೇಗೆ ಮಾಡಬೇಕೆಂಬ ಬರಹ ಡಿ.ಎನ್.ಎ.ಯಲ್ಲಿದೆ. ಕಚೇರಿಯ ಮೂಲ ಕಡತ ರೆಕಾರ್ಡ್ ರೂಮು ಬಿಟ್ಟು ಹೊರಬರುವುದಿಲ್ಲ, ಬೇಕಾದ ಹಾಳೆಯ ನಕಲು ಮಾತ್ರ ಮೇಜಿಗೆ ಬರುತ್ತದೆ. ಆ ನಕಲೇ ಸಂದೇಶವಾಹಕ ಆರ್.ಎನ್.ಎ. ಅದರ ಅಕ್ಷರಗಳನ್ನು ಮೂರು ಮೂರಾಗಿ ಓದಿ, ತಕ್ಕ ಅಮೈನೋ ಆಮ್ಲವನ್ನು ಹಿಂದಿನದಕ್ಕೆ ಜೋಡಿಸುತ್ತ ಹೋಗುವುದು ರೈಬೋಸೋಮು. ಅಮೈನೋ ಆಮ್ಲಗಳನ್ನು ಹೊತ್ತು ತರಲು ಸಾಗಣೆಯ ಆರ್.ಎನ್.ಎ. ಎಂಬ ಸಣ್ಣ ಅಣುಗಳಿವೆ. ಬ್ಯಾಕ್ಟೀರಿಯಾದಲ್ಲಿ ಈ ಜೋಡಣೆ ಸೆಕೆಂಡಿಗೆ ಹದಿನೈದು ಇಪ್ಪತ್ತರಂತೆ ನಡೆಯುತ್ತದೆ. ರೈಬೋಸೋಮಿಗೆ ಎರಡು ಭಾಗ. ಚಿಕ್ಕ ಭಾಗ ಓದುತ್ತದೆ, ದೊಡ್ಡ ಭಾಗ ಗಂಟು ಹಾಕುತ್ತದೆ. ತೂಕದಲ್ಲಿ ಮೂರರಲ್ಲಿ ಎರಡು ಪಾಲು ಆರ್.ಎನ್.ಎ., ಒಂದು ಪಾಲು ಪ್ರೋಟೀನು. ಈ. ಕೋಲೈ ಎಂಬ ಬ್ಯಾಕ್ಟೀರಿಯಾದಲ್ಲಿ ಮೂರು ಆರ್.ಎನ್.ಎ. ಎಳೆಗಳೂ ಐವತ್ತಕ್ಕೂ ಹೆಚ್ಚು ಬಗೆಯ ಪ್ರೋಟೀನುಗಳೂ ಸೇರಿ ಈ ಯಂತ್ರವಾಗಿದೆ.

ಇವರಲ್ಲಿ ನಿಜವಾಗಿ ಗಂಟು ಹಾಕುವವರು ಯಾರು? ಇದು ಪ್ರಶ್ನೆ. ಮದುವೆ ಮನೆಗೆ ಹೋದವರು ಚಪ್ಪರದ ಕಂಬವನ್ನು ಪುರೋಹಿತರೆಂದು ತಿಳಿಯುವುದಿಲ್ಲ. ಆದರೆ ರೈಬೋಸೋಮಿನ ವಿಷಯದಲ್ಲಿ ವಿಜ್ಞಾನಿಗಳಲ್ಲಿ ಹೆಚ್ಚಿನವರು ಬಹುಕಾಲ ತಿಳಿದದ್ದು ಹೀಗೆಯೇ, ಅದೂ ಹಿಂದುಮುಂದಾಗಿ. ಪ್ರೋಟೀನುಗಳೇ ಪುರೋಹಿತರು, ಆರ್.ಎನ್.ಎ. ಬರಿಯ ಚಪ್ಪರ ಎಂದು. ಇದಕ್ಕೆ ಕಾರಣವೂ ಇತ್ತು. ಅಂದಿಗೆ ತಿಳಿದಿದ್ದ ಕಿಣ್ವಗಳೆಲ್ಲ ಪ್ರೋಟೀನುಗಳೇ ಆಗಿದ್ದವು. ಆದರೆ ಇಲ್ಲೊಂದು ತೊಡಕು: ಪ್ರೋಟೀನು ಮಾಡಲು ಪ್ರೋಟೀನೇ ಬೇಕಾದರೆ ಮೊದಲ ಪ್ರೋಟೀನನ್ನು ಮಾಡಿದವರು ಯಾರು? ಬೀಜ ಮೊದಲೋ ವೃಕ್ಷ ಮೊದಲೋ ಎಂಬ ನಮ್ಮ ಹಳೆಯ ನ್ಯಾಯವೇ ಇದು. ಫ್ರಾನ್ಸಿಸ್ ಕ್ರಿಕ್ ಅವರು 1968ರಲ್ಲಿಯೇ, ಆದಿಕಾಲದ ರೈಬೋಸೋಮು ಬರೀ ಆರ್.ಎನ್.ಎ.ಯದ್ದೇ ಆಗಿದ್ದಿರಬಹುದೆ ಎಂದು ಕೇಳಿದ್ದರು.

ಕೃತಿಯ ಅತ್ಯುತ್ತಮ ಭಾಗವೆಂದರೆ ಈ ತಿಳಿವಳಿಕೆ ಬದಲಾದ ಬಗೆಯನ್ನು ಲೇಖಕರು ತಮ್ಮ ಬದುಕಿನೊಂದಿಗೆ ಹೆಣೆದಿರುವುದು. ಅವರು ಯೇಲ್ ವಿಶ್ವವಿದ್ಯಾನಿಲಯದಲ್ಲಿ ಪೀಟರ್ ಮೂರ್ ಅವರ ಬಳಿ ಕೆಲಸಕ್ಕೆ ಸೇರಿದಾಗ ವಹಿಸಿಕೊಂಡದ್ದು ಚಿಕ್ಕ ಭಾಗದ 21 ಪ್ರೋಟೀನುಗಳಲ್ಲಿ ಯಾವುದು ಎಲ್ಲಿದೆ ಎಂದು ನ್ಯೂಟ್ರಾನ್ ಕಿರಣಗಳಿಂದ ಅಳೆಯುವ ಕೆಲಸ. ಎರಡೆರಡು ಪ್ರೋಟೀನುಗಳ ನಡುವಿನ ದೂರವನ್ನು ಒಂದೊಂದಾಗಿ ಕಂಡುಹಿಡಿದು ನಕ್ಷೆ ಬರೆಯಬೇಕು. ಆ ನಕ್ಷೆ ಪೂರ್ಣಗೊಂಡದ್ದು 1987ರಲ್ಲಿ. ಅಂದರೆ ವರ್ಷಗಟ್ಟಲೆ ದುಡಿದು ಕಂಬಗಳ ನಕ್ಷೆ ತಯಾರಾಯಿತು. ಪುರೋಹಿತರು ಇನ್ನೂ ಕಾಣಿಸಿರಲಿಲ್ಲ. ಇತ್ತ ಕ್ಯಾಲಿಫೋರ್ನಿಯದಲ್ಲಿ ಹ್ಯಾರಿ ನೊಲ್ಲರ್ ಅವರು 1972ರಿಂದಲೇ ಬೇರೆ ಹಾದಿ ಹಿಡಿದಿದ್ದರು. ಆರ್.ಎನ್.ಎ.ಯನ್ನು ರಾಸಾಯನಿಕವಾಗಿ ಸ್ವಲ್ಪ ಕೆಡಿಸಿದರೆ ರೈಬೋಸೋಮೇ ಕೆಲಸ ನಿಲ್ಲಿಸುತ್ತದೆ ಎಂಬುದನ್ನು ತೋರಿಸಿದ್ದರು. 1992ರಲ್ಲಿ ಅವರು ಬಿಸಿನೀರಿನ ಬುಗ್ಗೆಯಲ್ಲಿ ಬದುಕುವ ಬ್ಯಾಕ್ಟೀರಿಯಾದ ರೈಬೋಸೋಮನ್ನು ತೆಗೆದುಕೊಂಡು, ಅದರ ಪ್ರೋಟೀನುಗಳನ್ನು ಸಾಧ್ಯವಾದಷ್ಟೂ ತೊಳೆದು ಹಾಕಿದರು. ಆದರೂ ಅದು ಗಂಟು ಹಾಕಿತು! ಆದರೆ ಎಷ್ಟು ತೊಳೆದರೂ ಕೆಲವು ಪ್ರೋಟೀನಿನ ಚೂರುಗಳು ಉಳಿದೇ ಇದ್ದವು. ಆದ್ದರಿಂದ ತೀರ್ಪು ಮುಂದಕ್ಕೆ ಹೋಯಿತು.

ತೀರ್ಪು ಬಂದದ್ದು 2000ದಲ್ಲಿ. ರೈಬೋಸೋಮನ್ನು ಹರಳುಗಟ್ಟಿಸಿ ಕ್ಷ-ಕಿರಣ ಹಾಯಿಸಿ ಅದರ ಅಣುರಚನೆ ನೋಡಬಹುದೆಂಬ ಧೈರ್ಯಕ್ಕೆ ಬುನಾದಿ ಹಾಕಿದವರು ಆಡಾ ಯೋನಾತ್. ದೊಡ್ಡ ಭಾಗದ ಮೊದಲ ಹರಳುಗಳನ್ನು ಅವರು 1980ರಲ್ಲಿ ಪಡೆದಿದ್ದರು. ಆಗ ನಂಬಿದವರು ಕಡಿಮೆ. 2000ದ ಆಗಸ್ಟ್‌ನಲ್ಲಿ ಯೇಲಿನ ಸ್ಟೈಟ್ಸ್ ಮತ್ತು ಮೂರ್ ತಂಡ ದೊಡ್ಡ ಭಾಗದ ರಚನೆಯನ್ನು 2.4 ಆಂಗ್‌ಸ್ಟ್ರಾಮ್ ಸ್ಪಷ್ಟತೆಯಲ್ಲಿ ಪ್ರಕಟಿಸಿತು. ಸೆಪ್ಟೆಂಬರಿನಲ್ಲಿ ಯೋನಾತ್ ಅವರೂ ರಾಮಕೃಷ್ಣನ್ ಅವರೂ ಬೇರೆ ಬೇರೆಯಾಗಿ ಚಿಕ್ಕ ಭಾಗದ ರಚನೆಯನ್ನು ಹೊರತಂದರು. ಗಂಟು ಬೀಳುವ ಜಾಗದಲ್ಲಿ ಕಂಡದ್ದು ಬರೀ ಆರ್.ಎನ್.ಎ. ಅತ್ಯಂತ ಹತ್ತಿರದ ಪ್ರೋಟೀನು ಸುಮಾರು 18 ಆಂಗ್‌ಸ್ಟ್ರಾಮ್ ದೂರದಲ್ಲಿತ್ತು. ಅಣುಗಳ ಲೋಕದಲ್ಲಿ ಅಷ್ಟು ದೂರದಿಂದ ಕೈ ಚಾಚಿ ಗಂಟು ಹಾಕಲಾಗದು. ಚಪ್ಪರವೆಂದುಕೊಂಡದ್ದೇ ಪುರೋಹಿತ! ಆರ್.ಎನ್.ಎ. ಎರಡು ಅಮೈನೋ ಆಮ್ಲಗಳನ್ನು ಸರಿಯಾದ ಭಂಗಿಯಲ್ಲಿ ಎದುರುಬದುರಾಗಿ ಹಿಡಿದು ನಿಲ್ಲಿಸುತ್ತದೆ. ಅಷ್ಟರಿಂದಲೇ ಕ್ರಿಯೆ ಸುಮಾರು ಒಂದು ಕೋಟಿ ಪಟ್ಟು ಚುರುಕಾಗುತ್ತದೆ. ಓದುವ ಜಾಗದಲ್ಲೂ ಇದೇ ಕಥೆ. ಬಂದ ಅಮೈನೋ ಆಮ್ಲ ಬರಹಕ್ಕೆ ತಕ್ಕುದೇ ಎಂದು ಪರೀಕ್ಷಿಸುವುದು ಆರ್.ಎನ್.ಎ.ಯ ಮೂರು ಅಕ್ಷರಗಳು. ಇದನ್ನು ರಾಮಕೃಷ್ಣನ್ ಅವರ ತಂಡವೇ 2001ರಲ್ಲಿ ತೋರಿಸಿತು.

ಲೇಖಕರ ಪ್ರಾಮಾಣಿಕತೆಯನ್ನು ಮೆಚ್ಚದಿರಲಾರೆ. ಸುಮಾರು ಐವತ್ತು ವಿಶ್ವವಿದ್ಯಾನಿಲಯಗಳಿಗೆ ಅರ್ಜಿ ಹಾಕಿ ಎಲ್ಲಿಯೂ ಕೆಲಸ ಸಿಗದಿದ್ದುದನ್ನು ಮುಚ್ಚಿಡುವುದಿಲ್ಲ. ತಮಗಿಂತ ಮೊದಲು ಇತರರು ಗುರಿ ಮುಟ್ಟಿಬಿಟ್ಟಾರೆಂಬ ಭಯವನ್ನೂ, ಅಸೂಯೆಯನ್ನೂ ಬರೆದುಕೊಳ್ಳುತ್ತಾರೆ. ದೊಡ್ಡ ಬಹುಮಾನಗಳು ವಿಜ್ಞಾನಿಗಳನ್ನು ಹೇಗೆ ಕೆಡಿಸುತ್ತವೆ ಎಂಬ ಭಾಗವಂತೂ ಬಹುಮಾನ ಪಡೆದವರೇ ಬರೆದದ್ದರಿಂದ ಹೆಚ್ಚು ತೂಕದ್ದು. ಸ್ವೀಡನ್ನಿನಿಂದ ಬಂದ ಫೋನನ್ನು ಸ್ನೇಹಿತರ ಕುಚೇಷ್ಟೆಯೆಂದು ತಿಳಿದು, ಕರೆದವರ ಸ್ವೀಡಿಷ್ ಉಚ್ಚಾರಣೆ ಚೆನ್ನಾಗಿದೆಯೆಂದು ಹೊಗಳಿದರಂತೆ! ನೊಬೆಲ್ ಪಾರಿತೋಷಕವನ್ನು ಮೂವರಿಗಿಂತ ಹೆಚ್ಚು ಮಂದಿಗೆ ಹಂಚುವಂತಿಲ್ಲ, ನೊಲ್ಲರ್ ಹೊರಗುಳಿದರು. ಕೃತಿಯನ್ನು ಮುಚ್ಚಿದಾಗ ನನ್ನ ಮನಸ್ಸಿನಲ್ಲಿ ಹೆಚ್ಚು ಹೊತ್ತು ಉಳಿದವರು ಅವರೇ.

ಇನ್ನು ತಕರಾರು. ಪೈಪೋಟಿಯ ಕಥೆ ರೋಚಕವಾಗಿದೆ, ಒಪ್ಪಿದೆ. ಆದರೆ ಯಾರು ಯಾವ ತಿಂಗಳಲ್ಲಿ ಯಾವ ಸಮ್ಮೇಳನದಲ್ಲಿ ಏನು ತೋರಿಸಿದರು ಎಂಬುದಕ್ಕೆ ಸಿಕ್ಕ ಜಾಗ ರೈಬೋಸೋಮಿನ ಒಳಗಿನ ಸಹಬಾಳ್ವೆಗೆ ಸಿಕ್ಕಿಲ್ಲವೆಂದು ನನಗೆ ಅನ್ನಿಸಿತು. ಓಟದಲ್ಲಿ ಗೆದ್ದವರು ಸೋತವರು ಇರುವಂತೆ ಅಣುಗಳಲ್ಲಿಯೂ ಆರ್.ಎನ್.ಎ. ಗೆದ್ದಿತು, ಪ್ರೋಟೀನು ಸೋತಿತು ಎಂಬ ಭಾವನೆ ಸಾಮಾನ್ಯ ಓದುಗರಲ್ಲಿ ಉಳಿದುಬಿಡುವ ಅಪಾಯವಿದೆ. ಒಂದು ತಪ್ಪನ್ನು ತಿದ್ದಲು ಹೋಗಿ ಅದರ ಪಕ್ಕದ ಇನ್ನೊಂದಕ್ಕೆ ಕಾಲಿಟ್ಟಂತೆ.

ಪ್ರೋಟೀನುಗಳ ಪಾಲು ಸಣ್ಣದಲ್ಲ. ಮಸಯಾಸು ನೊಮುರಾ ಅವರು 1968ರಲ್ಲಿ ಚಿಕ್ಕ ಭಾಗವನ್ನು ಬಿಡಿಬಿಡಿ ಮಾಡಿ, ಅದರ ಆರ್.ಎನ್.ಎ. ಮತ್ತು ಪ್ರೋಟೀನುಗಳನ್ನು ಮತ್ತೆ ಬೆರೆಸಿ, ಕೆಲಸ ಮಾಡುವ ಚಿಕ್ಕ ಭಾಗವನ್ನು ಕಟ್ಟಿ ತೋರಿಸಿದರು. ಅಲ್ಲಿ ಕಂಡುಬಂದ ಸಂಗತಿ ಸ್ವಾರಸ್ಯದ್ದು. ಕೆಲವು ಪ್ರೋಟೀನುಗಳು ನೇರವಾಗಿ ಆರ್.ಎನ್.ಎ.ಗೆ ಅಂಟುತ್ತವೆ, ಇನ್ನು ಕೆಲವು, ಮೊದಲಿನವು ಬಂದು ಆರ್.ಎನ್.ಎ.ಯನ್ನು ಮಡಿಸಿದ ಮೇಲೆಯೇ ಬರುತ್ತವೆ. ಆರ್.ಎನ್.ಎ.ಯ ಮೈಯೆಲ್ಲ ಋಣ ವಿದ್ಯುದಂಶ. ಒಂದೇ ಜಾತಿಯ ವಿದ್ಯುತ್ತು ಒಂದನ್ನೊಂದು ದೂಡುವುದರಿಂದ ಅದು ತಾನಾಗಿ ಒತ್ತೊತ್ತಾಗಿ ಮಡಚಿಕೊಳ್ಳುವುದು ಕಷ್ಟ. ಹಲವು ಪ್ರೋಟೀನುಗಳು ಹೊರಮೈಯಲ್ಲಿ ಕುಳಿತು, ಧನ ವಿದ್ಯುದಂಶ ತುಂಬಿದ ಉದ್ದನೆಯ ಬಾಲಗಳನ್ನು ಮಡಿಕೆಗಳೊಳಕ್ಕೆ ಇಳಿಬಿಟ್ಟು ಇದನ್ನು ಸಾಧಿಸುತ್ತವೆ. ಬ್ಯಾಕ್ಟೀರಿಯಾದಲ್ಲಿ ಎಲ್27 ಎಂಬ ಪ್ರೋಟೀನಿನ ಬಾಲ ಗಂಟು ಬೀಳುವ ಜಾಗದ ಹತ್ತಿರಕ್ಕೇ ಬರುತ್ತದೆ. ಅದಿಲ್ಲದ ಬ್ಯಾಕ್ಟೀರಿಯಾ ಬದುಕುತ್ತದೆ, ಆದರೆ ಸೊರಗುತ್ತದೆ. ಅಮೈನೋ ಆಮ್ಲವನ್ನು ಸರಿಯಾದ ಸಾಗಣೆಯ ಆರ್.ಎನ್.ಎ.ಗೆ ಹೊರಿಸುವ ಕಿಣ್ವಗಳು ಪ್ರೋಟೀನುಗಳೇ. ಹೊತ್ತದ್ದನ್ನು ರೈಬೋಸೋಮಿನ ಬಾಗಿಲಿಗೆ ತಂದು ಬಿಡುವುದೂ, ಗಂಟು ಬಿದ್ದ ಮೇಲೆ ಮುಂದಿನ ಅಕ್ಷರಗಳಿಗೆ ಸರಿಯಲು ತಳ್ಳುವುದೂ, ಬರಹ ಮುಗಿದಾಗ ಸರಪಳಿಯನ್ನು ಬಿಡಿಸುವುದೂ ಪ್ರೋಟೀನುಗಳೇ. ಮಂತ್ರ ಹೇಳುವವರು ಒಬ್ಬರಾದರೂ ಮದುವೆ ನಡೆಸುವವರು ಮನೆಮಂದಿಯೆಲ್ಲ.

ಇದಕ್ಕೆ ಕರ್ನಾಟಕದೊಳಗಿನದೇ ಒಂದು ನಿದರ್ಶನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಉಮೇಶ್ ವಾರ್ಷ್ಣೇಯ ಅವರ ಪ್ರಯೋಗಾಲಯ ದಶಕಗಳ ಕಾಲ ಒಂದೇ ಪ್ರಶ್ನೆಯ ಬೆನ್ನು ಹತ್ತಿತ್ತು: ಪ್ರೋಟೀನಿನ ಮೊದಲ ಅಕ್ಷರ ಎಲ್ಲಿಂದ ಶುರುವಾಗಬೇಕೆಂದು ರೈಬೋಸೋಮಿಗೆ ಹೇಗೆ ಗೊತ್ತಾಗುತ್ತದೆ? ಓಂಕಾರಕ್ಕೆಂದೇ ಬೇರೊಂದು ಸಾಗಣೆಯ ಆರ್.ಎನ್.ಎ. ಇದೆ, ಅದರ ಕಾಂಡದಲ್ಲಿ ಸಾಲಾಗಿ ಮೂರು ಜಿ-ಸಿ ಜೋಡಿಗಳು ಗುರುತಿನ ಮುದ್ರೆಯಂತಿವೆ. ಇದು ಸರಿಯಾದ ಜಾಗದಲ್ಲಿ ಕೂರುವಂತೆ ನೋಡಿಕೊಳ್ಳುವವರು ಯಾರೆಂದು ಹುಡುಕಿದಾಗ, ರೈಬೋಸೋಮಿನ ಆರ್.ಎನ್.ಎ.ಯ 966 ಮತ್ತು 967ನೆಯ ಅಕ್ಷರಗಳ ಮೇಲಿನ ಸಣ್ಣ ರಾಸಾಯನಿಕ ಗುರುತುಗಳಿಗೂ ಎಸ್9 ಎಂಬ ಪ್ರೋಟೀನಿನ ಬಾಲಕ್ಕೂ ಬೇರೆ ಬೇರೆ ಪಾಲಿದೆ ಎಂಬುದು 2013ರಲ್ಲಿ ಅಲ್ಲಿಂದ ಪ್ರಕಟವಾಯಿತು. ಆರ್.ಎನ್.ಎ. ಒಂದೇ ಅಲ್ಲ, ಪ್ರೋಟೀನು ಒಂದೇ ಅಲ್ಲ, ಎರಡೂ. ಪೈಪೋಟಿಯ ರಂಗು ಈ ಕೆಲಸಕ್ಕಿಲ್ಲ. ಆದರೆ ಸಹಬಾಳ್ವೆಯ ಕಥೆ ಬರೆಯುವವರಿಗೆ ಬೇಕಾದ ಸಾಮಗ್ರಿ ಇಲ್ಲಿದೆ.

ಯಾವುದು ಪುರೋಹಿತ, ಯಾವುದು ಕಂಬ ಎಂಬ ಚರ್ಚೆಯಿಂದ ನಮಗೇನು ಎಂದು ಕೇಳುವವರಿಗೆ ನಮ್ಮ ಮನೆಯ ಒಂದು ಸಂಗತಿ ಹೇಳುತ್ತೇನೆ. 1985ರ ಸುಮಾರಿಗೆ, ನಾನು ಆರು ವರ್ಷದವಳಿದ್ದಾಗ, ಕುಂದಾಪುರದ ಕಡೆಯಲ್ಲಿದ್ದ ನನ್ನ ದೊಡ್ಡಮ್ಮನಿಗೆ, ಎಂದರೆ ಅಮ್ಮನ ಅಕ್ಕನಿಗೆ, ಕ್ಷಯ ತಗುಲಿತು. ದಿನವೂ ಸ್ಟ್ರೆಪ್ಟೋಮೈಸಿನ್ ಚುಚ್ಚುಮದ್ದು. ಕೆಮ್ಮು ವಾಸಿಯಾಯಿತು, ಜೀವ ಉಳಿಯಿತು. ಆದರೆ ಎರಡು ಕಿವಿಗಳೂ ಹೋದವು. ಸೂಜಿ ಹಾಕಿದ ಕಂಪೌಂಡರನ್ನು ಮನೆಯವರು ಕೊನೆಯವರೆಗೂ ಶಪಿಸಿದರು. ದೊಡ್ಡಮ್ಮ ಮಾತ್ರ ಯಾರನ್ನೂ ದೂರಲಿಲ್ಲ. ನಾನು ರಜೆಗೆ ಹೋದಾಗ ನನ್ನ ಬಾಯಿಯನ್ನೇ ನೋಡುತ್ತ, ‘ಮೆಲ್ಲಗೆ ಹೇಳು ಮಗಾ, ಕಾಣ್ತದೆ’ ಅನ್ನುತ್ತಿದ್ದರು.

ಸ್ಟ್ರೆಪ್ಟೋಮೈಸಿನ್ ಮಾಡುವ ಕೆಲಸ ರೈಬೋಸೋಮಿನಲ್ಲೇ. ಅದು ಬ್ಯಾಕ್ಟೀರಿಯಾದ ಚಿಕ್ಕ ಭಾಗದ ಆರ್.ಎನ್.ಎ.ಯನ್ನೂ ಪಕ್ಕದ ಎಸ್12 ಎಂಬ ಪ್ರೋಟೀನನ್ನೂ ಒಟ್ಟಿಗೆ ಹಿಡಿದುಕೊಂಡು ಓದು ತಪ್ಪುವಂತೆ ಮಾಡುತ್ತದೆ. ಆದ್ದರಿಂದಲೇ ಕ್ಷಯದ ಬ್ಯಾಕ್ಟೀರಿಯಾ ಈ ಔಷಧಿಗೆ ಬಗ್ಗದಂತಾಗಲು ಎರಡು ದಾರಿಗಳಿವೆ. ಆರ್.ಎನ್.ಎ.ಯಲ್ಲಿ ಒಂದು ಅಕ್ಷರ ಬದಲಾಗಬಹುದು, ಇಲ್ಲವೆ ಎಸ್12ರಲ್ಲಿ ಒಂದು ಅಮೈನೋ ಆಮ್ಲ ಬದಲಾಗಬಹುದು. ಇಬ್ಬರ ಜಂಟಿ ವ್ಯವಹಾರಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಇಂದು ಔಷಧಿಗೆ ಬಗ್ಗದ ಕ್ಷಯಕ್ಕೆ ಕೊಡುವ ಮಾತ್ರೆಗಳಲ್ಲೊಂದಾದ ಲೈನಜೋಲಿಡ್ ಕೂಡ ಹಿಡಿಯುವುದು ರೈಬೋಸೋಮನ್ನೇ, ಆದರೆ ಗಂಟು ಬೀಳುವ ಜಾಗವನ್ನು.

ಕಿವಿಯ ಕಥೆ ಇನ್ನೂ ಒಳಗಿನದು. ನಮ್ಮ ಜೀವಕೋಶಗಳಿಗೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಗಳಿಗೆ ತಮ್ಮದೇ ಪುಟ್ಟ ರೈಬೋಸೋಮುಗಳಿವೆ. ಹಿಂದೊಮ್ಮೆ ಅವು ಬ್ಯಾಕ್ಟೀರಿಯಾಗಳೇ ಆಗಿದ್ದುದರ ಗುರುತು ಅದು. ಕೆಲವು ಮನೆತನಗಳಲ್ಲಿ ಈ ರೈಬೋಸೋಮಿನ ಆರ್.ಎನ್.ಎ.ಯ 1555ನೆಯ ಸ್ಥಾನದಲ್ಲಿ ‘ಎ’ ಇರಬೇಕಾದಲ್ಲಿ ‘ಜಿ’ ಇದೆ ಎಂಬುದು 1993ರಲ್ಲಿ ಗೊತ್ತಾಯಿತು. ಆ ಒಂದು ಅಕ್ಷರದಿಂದ ಅದು ಬ್ಯಾಕ್ಟೀರಿಯಾದ ಆರ್.ಎನ್.ಎ.ಯನ್ನು ಹೆಚ್ಚು ಹೋಲುತ್ತದೆ. ಔಷಧ ವೈರಿಯೆಂದು ಬಗೆದು ಮನೆಯವರನ್ನೇ ಹಿಡಿಯುತ್ತದೆ. ಒಳಗಿವಿಯ ಸೂಕ್ಷ್ಮ ಕೋಶಗಳು ಸಾಯುತ್ತವೆ. ಇಂಥವರಿಗೆ ಸರಿಯಾದ ಪ್ರಮಾಣದ ಔಷಧಿಯೇ ಸಾಕು. ಮೈಟೋಕಾಂಡ್ರಿಯಾ ಬರುವುದು ತಾಯಿಯಿಂದ ಮಾತ್ರ. ಅಜ್ಜಿಯಿಂದ ದೊಡ್ಡಮ್ಮನಿಗೆ ಬಂದದ್ದೇ ನನ್ನ ಅಮ್ಮನಿಗೂ, ಅಮ್ಮನಿಂದ ನನಗೂ, ನನ್ನಿಂದ ನನ್ನ ಮಗಳಿಗೂ ಬಂದಿರುತ್ತದೆ.

ದೊಡ್ಡಮ್ಮನಿಗೆ ಈ ಬದಲಾವಣೆ ಇತ್ತೆಂದು ನಾನು ಹೇಳುತ್ತಿಲ್ಲ. ಅವರ ಪರೀಕ್ಷೆ ಎಂದೂ ಆಗಲಿಲ್ಲ, ಅವರೀಗ ಇಲ್ಲ. ಬದಲಾವಣೆ ಇಲ್ಲದವರ ಕಿವಿಯನ್ನೂ ಈ ಔಷಧ ಕೆಡಿಸಬಲ್ಲದು. ಆದರೆ ಒಂದು ಮಾತು ನಿಶ್ಚಯ: ಕಂಪೌಂಡರನ ಕೈಯನ್ನು ಅಪರಾಧಿಯೆನ್ನಲು ನಮಗೆ ಯಾವ ಆಧಾರವೂ ಇರಲಿಲ್ಲ. ಇದನ್ನೋದುವ ತಾಯಂದಿರಿಗೆ ನನ್ನ ವಿನಂತಿ ಇಷ್ಟೆ. ತಾಯಿಯ ಕಡೆಯವರಲ್ಲಿ ಯಾರಿಗಾದರೂ ಸ್ಟ್ರೆಪ್ಟೋಮೈಸಿನ್, ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಚುಚ್ಚುಮದ್ದಿನಿಂದ ಕಿವಿ ಹೋದದ್ದಿದ್ದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ತಾವಾಗಿ ಔಷಧ ನಿಲ್ಲಿಸಬಾರದು. ತಿಳಿಸಿದರೆ ಸಾಕು, ಮುಂದಿನದನ್ನು ಅವರು ನೋಡಿಕೊಳ್ಳುತ್ತಾರೆ.

ಈ ಪುಸ್ತಕವನ್ನು ಇಂಗ್ಲಿಷಿನಲ್ಲಿ ಓದುವಾಗ ಕನ್ನಡದ ನೆನಪು ಮತ್ತೆ ಮತ್ತೆ ಬಂತು. ಶಿವರಾಮ ಕಾರಂತರು ಒಬ್ಬರೇ ಕುಳಿತು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದ ಭಾಷೆ ನಮ್ಮದು, ಸಸ್ಯಶಾಸ್ತ್ರವನ್ನು ಹರಟೆಯಂತೆ ಹೇಳಿದ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಭಾಷೆ. ‘ರೈಬೋಸೋಮು ಒಂದು ಕಾರ್ಖಾನೆ’ ಎಂಬ ಒಂದು ಸಾಲಿಗೆ ನಮ್ಮ ಮಕ್ಕಳ ಜ್ಞಾನ ನಿಂತುಬಿಡಬೇಕೆ? ಕಾರ್ಖಾನೆ ಎಂದೊಡನೆ ಯಂತ್ರ ಬೇರೆ, ಕೆಲಸಗಾರ ಬೇರೆ, ಮಾಲು ಬೇರೆ ಎಂಬ ಚಿತ್ರ ಮೂಡುತ್ತದೆ. ಇಲ್ಲಿ ತಯಾರಾದ ಪ್ರೋಟೀನೇ ಹೋಗಿ ಮುಂದಿನ ರೈಬೋಸೋಮಿನ ಅಂಗವಾಗುತ್ತದೆ. ಉಪಮೆ ಬದಲಾಗದೆ ತಿಳಿವಳಿಕೆ ಬದಲಾಗದು.

ಕೊನೆಯದಾಗಿ ಒಂದು ಮಾತು. 2009ರಲ್ಲಿ ಬಹುಮಾನ ಬಂದಾಗ, ಅಪರಿಚಿತ ಭಾರತೀಯರ ಇ-ಮೇಲ್ ಸುರಿಮಳೆಗೆ ಬೇಸತ್ತು, ಹುಟ್ಟಿದ ದೇಶ ಒಂದು ಆಕಸ್ಮಿಕ ಮಾತ್ರ ಎಂಬರ್ಥದ ಮಾತನ್ನು ರಾಮಕೃಷ್ಣನ್ ಆಡಿದ್ದರು. ಅನೇಕರಿಗೆ ನೋವಾಯಿತು. ಊರು ಬಿಟ್ಟು ಬಂದು ಸಂಘ ಕಟ್ಟಿಕೊಂಡ ನಮಗೆ ಆ ಮಾತು ಪೂರ್ತಿ ಒಪ್ಪಿಗೆಯಾಗದು. ಆದರೆ ಚಿದಂಬರದಲ್ಲಿ ಹುಟ್ಟಿ, ಗುಜರಾತಿನಲ್ಲಿ ಬೆಳೆದು, ಅಮೆರಿಕದಲ್ಲಿ ಎರಡು ಬಾರಿ ವಿದ್ಯಾರ್ಥಿಯಾಗಿ, ಇಂಗ್ಲೆಂಡಿನಲ್ಲಿ ಗುರಿ ಮುಟ್ಟಿದವರ ಕಥೆ ಮಲಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಪರಕೀಯವೂ ಅಲ್ಲ. ಪುಸ್ತಕ ಸಂಘದ ವಾಚನಾಲಯದಲ್ಲಿ ಇರತಕ್ಕದ್ದು. ಹನ್ನೆರಡನೆಯ ತರಗತಿಯಲ್ಲಿ ವಿಜ್ಞಾನ ಓದುವವರು ಅವಶ್ಯ ಓದಬೇಕು. ಹರಳುಗಳ ತಾಂತ್ರಿಕ ವಿವರ ಬರುವ ನಡುವಿನ ಅಧ್ಯಾಯಗಳಲ್ಲಿ ತುಸು ತಾಳ್ಮೆ ಬೇಕಾದೀತು.

ನನ್ನ ಹಳೆಯ ನೋಟ್ ಪುಸ್ತಕವನ್ನು ಎಸೆಯಲಿಲ್ಲ. ಆ ಪುಟದಲ್ಲಿ ‘ಚೌಕಟ್ಟು’ ಎಂಬ ಪದವನ್ನು ಹೊಡೆದು ಹಾಕಿ, ಪಕ್ಕದಲ್ಲಿ ತಾರೀಖು ಬರೆದು, ಮಗಳ ಮೇಜಿನ ಮೇಲಿಟ್ಟಿದ್ದೇನೆ.